ಖಾಲಿ ತೋಟಾ ಬೀಳುವ ಜಾಗ

ಬೆಳಕು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಗುಂಡು ಹಾರಿಸುವ ಮೈದಾನದ ಆ ತುದಿಯಲ್ಲಿ ಮಣ್ಣಿನ ದಿಬ್ಬ ಮಸುಕಾಗಿ ಮಲಗಿದೆ. ಅದರ ಮುಂದೆ ನೆಟ್ಟ ಗುರಿಹಲಗೆಗಳ ಬಿಳುಪು ಮಾತ್ರ ಕಣ್ಣಿಗೆ ಬೀಳುತ್ತಿದೆ. ಈ ತುದಿಯಲ್ಲಿ ನೀಲಿ ಕೋಟು ತೊಟ್ಟ ಹೆಂಗಸೊಬ್ಬರು ಒದ್ದೆ ಹುಲ್ಲಿನ ಮೇಲೆ ಟಾರ್ಪಾಲು ಹಾಸುತ್ತಾರೆ. ನಾಲ್ಕು ಮೂಲೆಗೂ ಒಂದೊಂದು ಕಲ್ಲು ಹೇರುತ್ತಾರೆ. ನೆಂಟರು ಬರುವ ಮುಂಚೆ ಹಾಸು ಸರಿಮಾಡುವ ಮನೆಯೊಡತಿಯಂತೆ ಒಂದು ಸುಕ್ಕನ್ನು ಅಂಗೈಯಿಂದ ತೀಡಿ, ಹಿಂದೆ ಸರಿದು, ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಾರೆ. ಆಮೇಲೆ ತಲೆಯಾಡಿಸುತ್ತಾರೆ. "ಹೂಂ, ಹೊಡಿ."

ಟಾರ್ಪಾಲಿನ ಎಡಕ್ಕೆ ರೈಫಲ್ ಹಿಡಿದು ಮಲಗಿರುವ ಸೈನಿಕನ ಕಾಲುಗಳು ಚಾಪೆ ದಾಟಿ ಹುಲ್ಲಿಗೆ ಚಾಚಿವೆ. ಅವನ ಎತ್ತರ ನೋಡಿ ಜೊತೆಗಾರರು ಅವನನ್ನು 'ಕಂಬ' ಎಂದೇ ಕರೆಯುತ್ತಾರೆ. ಕಂಬ ಟ್ರಿಗರ್ ಒತ್ತುತ್ತಾನೆ. ಸುತ್ತ ನಿಂತವರ ಕಣ್ಣೆಲ್ಲ ದೂರದ ಹಲಗೆಯ ಮೇಲೆ. ಈಕೆಯ ಕಣ್ಣು ಮಾತ್ರ ನೆಲದ ಮೇಲೆ.

"ಎಲ್ಲರೂ ಗುರಿ ನೋಡ್ತಾರೆ. ಗುರಿ ತಪ್ಪಿದ್ರೆ ಅದು ಹೊಡೆಯೋನ ಕಣ್ಣಿನ ವಿಷಯ," ಎನ್ನುತ್ತಾರೆ ಈ ಬಂದೂಕು ರಿಪೇರಿಯ ಅಕ್ಕ. "ಖಾಲಿ ತೋಟಾ ಎಲ್ಲಿ ಬೀಳುತ್ತೆ ಅನ್ನೋದು ಬಂದೂಕಿನ ಹೊಟ್ಟೆ ವಿಷಯ. ನನಗೆ ಬೇಕಾಗಿರೋದು ಹೊಟ್ಟೆ."

ಆರೋಗ್ಯವಾಗಿರುವ ರೈಫಲ್ ಗುಂಡು ಹಾರಿದ ಮರುಗಳಿಗೆಯಲ್ಲೇ ಖಾಲಿ ತೋಟಾವನ್ನು, ಅಂದರೆ ಗುಂಡು ಬಿಟ್ಟುಹೋದ ಹಿತ್ತಾಳೆ ಕವಚವನ್ನು, ಬಲಗಡೆಗೆ, ಟಾರ್ಪಾಲಿನ ಆಚೆ ಅಂಚಿಗೆ ಎಸೆಯುತ್ತದೆ. ಒಂದರ ಪಕ್ಕ ಒಂದು, ಹೆಚ್ಚುಕಡಿಮೆ ಒಂದೇ ಕಡೆ. ಇಂದು ಮೊದಲನೆಯದು ಕಂಬನ ಮೊಣಕೈ ಪಕ್ಕದಲ್ಲೇ ಬಿತ್ತು. ಎರಡನೆಯದು ಅವನ ತೋಳಿನ ಮೇಲೆ ಬಿದ್ದು ಉರುಳಿತು. ಮೂರನೆಯದು ಪೂರ್ತಿ ಹೊರಗೆ ಬರಲಿಲ್ಲ. ಬಾಗಿಲಿಗೆ ಸಿಕ್ಕಿದ ಸೆರಗಿನಂತೆ ಅರ್ಧ ಒಳಗೆ ಅರ್ಧ ಹೊರಗೆ ಕಚ್ಚಿಕೊಂಡಿತು. ರೈಫಲ್ ನಿಂತುಹೋಯಿತು.

"ಮತ್ತೆ ನಿಂತಿತಾ?" ಹಿಂದಿನಿಂದ ತುಕಡಿಯ ಸಾರ್ಜೆಂಟ್ ದನಿ. "ಕ್ಲೀನ್ ಮಾಡಲ್ಲ ಈ ಮನುಷ್ಯ. ಬಗ್ಗಿ ಕೆಲಸ ಮಾಡೋಕೆ ಸೊಂಟ ಒಪ್ಪಲ್ಲ."

"ಮಾಡಿದ್ದೀನಿ ಸರ್."

"ಏನ್ ಮಾಡಿದ್ದೀಯ? ಮುತ್ತು ಕೊಟ್ಟಿದ್ದೀಯಾ?"

ನಿಂತವರು ನಗುತ್ತಾರೆ. ಕಂಬ ನಗುವುದಿಲ್ಲ. ನಾಡಿದ್ದು ಬೆಳಿಗ್ಗೆ ಈ ತುಕಡಿ ಬೆಟ್ಟದ ಮೇಲಿನ ಗಡಿಠಾಣೆಗೆ ಹೊರಡಲಿದೆ. ತನ್ನ ರೈಫಲನ್ನು ಸರಿಯಾಗಿ ಇಟ್ಟುಕೊಳ್ಳದವನು ಎಂಬ ಆರೋಪ ಹೊತ್ತು ಕಂಬ ಒಬ್ಬನೇ ಹಿಂದುಳಿಯುತ್ತಾನೆ ಎಂದು ಸಾರ್ಜೆಂಟ್ ನಿನ್ನೆಯೇ ಹೇಳಿಯಾಗಿದೆ. ಅಕ್ಕನ ಪಾಲಿಗೆ ಬಂದಿರುವುದು ಇನ್ನೊಂದು ಹೊರೆ. ತುಕಡಿಯ ಎಲ್ಲ ರೈಫಲ್‌ಗಳೂ ನಂಬಿಕೆಗೆ ಯೋಗ್ಯ ಎಂದು ನಾಳೆ ಬೆಳಿಗ್ಗೆ ದಳದ ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳಬೇಕಾದವರು ಅವರು. ಅವರು ಹೂಂ ಎಂದರೆ ಲಾರಿ ಹೊರಡುತ್ತದೆ.

ಈ ಸಾರ್ಜೆಂಟ್ ಬೇರೆ ಯಾರೂ ಅಲ್ಲ, ಅಕ್ಕನ ಒಬ್ಬಳೇ ಮಗಳ ಗಂಡ. ಅಡುಗೆಯವರಿಂದ ಅಧಿಕಾರಿಯವರೆಗೆ ಇಡೀ ದಳ ಆಕೆಯನ್ನು 'ಅಕ್ಕ' ಎನ್ನುತ್ತದೆ; ಬೆನ್ನ ಹಿಂದೆ 'ಸ್ಪ್ರಿಂಗಕ್ಕ', ಏಕೆಂದರೆ ಏನೇ ಕೆಟ್ಟರೂ ಅವರ ಮೊದಲ ಅನುಮಾನ ಸ್ಪ್ರಿಂಗಿನ ಮೇಲೆ. ಅಳಿಯನ ಕಷ್ಟ ಅಳಿಯನಿಗೆ. ಹೆಣ್ಣು ಕೊಟ್ಟ ಅತ್ತೆಯನ್ನು ಅಕ್ಕ ಎಂದರೆ ಸಂಬಂಧವೇ ತಲೆಕೆಳಗು. ಸಮವಸ್ತ್ರದಲ್ಲಿ ಅತ್ತೆ ಎನ್ನಲು ಸಂಕೋಚ. ಹಾಗಾಗಿ ಆತ ಕರೆಯುವ ಗೋಜಿಗೇ ಹೋಗದೆ "ಸ್ವಲ್ಪ ಇಲ್ಲಿ ನೋಡಿ", "ಅದೇನಂದ್ರೆ" ಎಂದು ನೇರವಾಗಿ ವಿಷಯಕ್ಕೆ ಇಳಿಯುತ್ತಾರೆ.

ಈಗಲೂ ಅಷ್ಟೇ. "ಅದೇನಂದ್ರೆ, ಇದನ್ನ ಹೋದ ವಾರಾನೇ ನೀವು ನೋಡಿದ್ರಲ್ಲ?"

"ನೋಡಿದ್ದೆ. ತೋಟಾ ಎಳೆಯೋ ಕೊಕ್ಕೆಯ ಸ್ಪ್ರಿಂಗ್ ಸೋತಿದೆ ಅಂದ್ಕೊಂಡು ಬದಲಾಯಿಸಿ ಕೊಟ್ಟೆ. ಅದಲ್ಲ," ಎನ್ನುತ್ತಾರೆ ಅಕ್ಕ. ಟಾರ್ಪಾಲು ಮಡಚಿ ರೈಫಲನ್ನು ತೋಳಿಗೆ ಒರಗಿಸಿಕೊಂಡು, "ಬಾರಪ್ಪ ಕಂಬ," ಎಂದು ವರ್ಕ್‌ಶಾಪಿನ ಕಡೆ ನಡೆಯುತ್ತಾರೆ.

ಆಕೆಯ ತಂದೆ ಬೀದಿ ಮೂಲೆಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ತಿರುಪುಗಳನ್ನು ಚೆಲ್ಲದಂತೆ ಅಂಗೈಯಲ್ಲಿ ಹಿಡಿದು ಕೂರುವುದು ಪುಟ್ಟ ಹುಡುಗಿಯ ಕೆಲಸವಾಗಿತ್ತು. ಸೂಜಿ ಇಳಿಯಬೇಕು, ಕೊಕ್ಕೆ ಬಂದು ದಾರ ಹಿಡಿಯಬೇಕು, ಸೂಜಿ ಮೇಲೆದ್ದ ಮೇಲೆಯೇ ಬಟ್ಟೆ ಸರಿಯಬೇಕು. ಒಂದು ತುಸು ತಡವಾದರೂ ದಾರ ಕಡಿಯುತ್ತದೆ. ಯಂತ್ರವೆಂದರೆ ಹೊತ್ತು ತಪ್ಪದ ಸಂಸಾರ ಎಂಬ ತಿಳಿವಳಿಕೆ ಅಲ್ಲಿ ಮೂಡಿತು. ಮುಂದೆ ತರಬೇತಿ ಶಾಲೆಯಲ್ಲಿ ಫಿಟ್ಟರ್ ಕೆಲಸ ಕಲಿಯಲು ಕೂತಾಗ ತರಗತಿಗೆಲ್ಲ ಇವರೊಬ್ಬರೇ ಹೆಣ್ಣು. ದಳದ ವರ್ಕ್‌ಶಾಪಿಗೆ ಬಂದಾಗಲೂ ಅಷ್ಟೇ. ಮೊದಲ ವರ್ಷ ಕೈಗೆ ಬಂದದ್ದು ಪೊರಕೆ ಮತ್ತು ಟೀ ಕೆಟಲು. ಹಳೆಯ ಮೇಸ್ತ್ರಿಯೊಬ್ಬರು ಒಂದು ಡಬ್ಬಿಯ ತುಂಬ ಬೆರೆತುಹೋಗಿದ್ದ ಸ್ಪ್ರಿಂಗ್‌ಗಳನ್ನು ಬೇರ್ಪಡಿಸು ಎಂದು ಕೊಟ್ಟರಂತೆ, ಈ ಹುಡುಗಿ ಸಾಕುಸಾಕಾಗಿ ಮನೆಗೆ ಹೋಗಲಿ ಎಂದು. ಸಂಜೆಗೆ ಎಲ್ಲವೂ ಬೇರೆ ಬೇರೆಯಾಗಿ ಸಾಲಾಗಿ ಕೂತಿದ್ದವು.

"ಮೊದಲ ಸಲ ರೈಫಲ್ ಬಿಚ್ಚಿದಾಗ ನನಗೆ ಹೆದರಿಕೆ ಆಗ್ಲಿಲ್ಲ," ಎಂದು ನೆನೆಯುತ್ತಾರೆ. "ಇದೂ ಒಂದು ಹೊಲಿಗೆ ಯಂತ್ರಾನೇ ಅನ್ನಿಸ್ತು. ಅದು ಹೊಲಿಯುತ್ತೆ, ಇದು ಹರಿಯುತ್ತೆ. ಹೆದರಿಕೆ ಬಂದಿದ್ದು ಆಮೇಲೆ, ಅದನ್ನ ತಗೊಂಡು ಹೋಗೋ ಹುಡುಗರ ಮುಖ ಗುರುತಾದ ಮೇಲೆ."

ಆ ಕಾಲದಲ್ಲಿ ಕಿವಿಗೆ ಮುಚ್ಚಳ ಕೊಡುತ್ತಿರಲಿಲ್ಲ. ಮೈದಾನದ ಸದ್ದಿಗೆ ಬಲಗಿವಿ ಮಂದವಾಗಿದೆ. ಎಣ್ಣೆ, ಸೀಮೆಎಣ್ಣೆಯಲ್ಲಿ ನೆನೆದು ಬೆರಳ ಸಂದುಗಳು ಸೀಳಿವೆ. ಎಡ ಹೆಬ್ಬೆರಳ ಉಗುರನ್ನು ಒಮ್ಮೆ ರೈಫಲಿನ ಬೋಲ್ಟ್ ಕಚ್ಚಿಹಾಕಿದ ಮೇಲೆ ಅದು ನೆಟ್ಟಗೆ ಬೆಳೆಯಲೇ ಇಲ್ಲ. ಗಂಡ ಟೈಲರ್. ಮದುವೆಗೆ ಮುಂಚೆ ಅವರ ಯಂತ್ರ ಕೆಟ್ಟಾಗ ರಿಪೇರಿಗೆ ಹೋದವರು ಇವರೇ. "ಯಂತ್ರ ಅವತ್ತೇ ಸರಿಹೋಯ್ತು," ಎನ್ನುತ್ತಾರೆ ಆತ, ಬಾಯಲ್ಲಿ ದಾರ ಕಚ್ಚಿಕೊಂಡೇ. "ನಾನು ಕೆಟ್ಟೆ. ಈಗ ಬೈಬೇಕು ಅನ್ನಿಸಿದ್ರೆ ಅವಳ ಬಲಗಡೆ ಕೂತು ಬೈತೀನಿ. ನನಗೂ ಸಮಾಧಾನ, ಅವಳಿಗೂ ನೆಮ್ಮದಿ."

ಕೊಲ್ಲುವ ಸಾಮಾನು ರಿಪೇರಿ ಮಾಡುವವಳಿಗೆ ದೇವರ ಸ್ಮರಣೆ ಯಾಕೆ ಎಂದು ಪಕ್ಕದ ಮನೆಯಾಕೆ ಒಮ್ಮೆ ಕುಟುಕಿದ್ದುಂಟು. ಅಕ್ಕ ಸಿಟ್ಟಾಗಲಿಲ್ಲ. "ನಾನು ಕೇಳ್ಕೊಳ್ಳೋದು ಇಷ್ಟೇ. ಇದನ್ನ ಹೊರೋನಿಗೆ ಇದರ ಅಗತ್ಯ ಬೀಳದೇ ಇರ್ಲಿ. ಬಿದ್ರೆ, ನನ್ನ ಕೈತಪ್ಪಿನಿಂದ ಅವನು ಸಾಯದೇ ಇರ್ಲಿ. ಮಿಕ್ಕಿದ್ದು ನಿನ್ನದಪ್ಪ ಅಂತ ಬಿಟ್ಟುಬಿಡ್ತೀನಿ." ಇದು ಪೂರ್ತಿ ಉತ್ತರವಲ್ಲ ಎಂಬುದು ಅವರಿಗೂ ಗೊತ್ತು. ಪೂರ್ತಿ ಉತ್ತರ ಸಿಗುವವರೆಗೆ ಕೈ ಕಟ್ಟಿ ಕೂರಲು ಆಗುವುದಿಲ್ಲ, ಬೆಳಗಾದರೆ ಮೇಜಿನ ಮೇಲೆ ಕೆಲಸ ಬಂದು ಬಿದ್ದಿರುತ್ತದೆ.

ವರ್ಕ್‌ಶಾಪ್ ಎಂದರೆ ತಗಡಿನ ಮಾಡಿನ ಉದ್ದನೆಯ ಕೋಣೆ. ಗೋಡೆಗೆ ಸರಪಳಿ ಹಾಕಿದ ರೈಫಲ್ ಸಾಲು. ಕಿಟಕಿಯ ಕೆಳಗೆ ರಬ್ಬರು ಹೊದಿಸಿದ ಮೇಜು. ಇಲ್ಲಿ ಒಂದು ಕಟ್ಟುಪಾಡಿದೆ: ಒಂದು ರೈಫಲ್ ಬಿಚ್ಚಿದರೆ ಅದರ ಭಾಗಗಳೆಲ್ಲ ಅದರದೇ ತಟ್ಟೆಗೆ. ಎರಡು ರೈಫಲ್‌ಗಳ ಕರುಳು ಒಂದೇ ಮೇಜಿನ ಮೇಲೆ ಬೆರೆಯಕೂಡದು. ಹೊಸ ಸೈನಿಕರು ಬಂದಾಗ ಅಕ್ಕ ಇದೇ ಮೇಜಿನ ಮುಂದೆ ನಿಲ್ಲಿಸಿ ರೈಫಲಿನ ಒಳಗಿನ ಕಥೆ ಹೇಳುತ್ತಾರೆ. ಆ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು.

"ಟ್ರಿಗರ್ ಒತ್ತಿದೆ. ಮದ್ದು ಉರೀತು. ಗುಂಡು ನಳಿಕೆಯಲ್ಲಿ ಮುಂದಕ್ಕೆ ಓಡ್ತು. ಅದನ್ನ ತಳ್ಳಿದ ಬಿಸಿ ಗಾಳಿ ಇದೆಯಲ್ಲ, ಅದೆಲ್ಲ ಗುಂಡಿನ ಹಿಂದೆ ಹೊರಗೆ ಹೋಗಲ್ಲ. ನಳಿಕೆಯ ಮೇಲೆ ಒಂದು ಸಣ್ಣ ತೂತಿದೆ, ಒಂದು ಪಾಲು ಅಲ್ಲಿ ನುಗ್ಗಿ ಈ ಪಿಸ್ಟನ್ನಿಗೆ ಗುದ್ದುತ್ತೆ. ಪಿಸ್ಟನ್ ಹಿಂದಕ್ಕೆ ಬಂದು ಬೋಲ್ಟನ್ನ ತಳ್ಳುತ್ತೆ. ಬೋಲ್ಟ್ ತಿರುಗಿ ಬೀಗ ಬಿಚ್ಚುತ್ತೆ, ಖಾಲಿ ತೋಟಾ ಕಿತ್ತು ಎಸೆಯುತ್ತೆ. ಅಷ್ಟರಲ್ಲಿ ಹಿಂದಿನ ಸ್ಪ್ರಿಂಗ್ ಸಾಕು ಬಾ ಅಂತ ಅದನ್ನ ಮುಂದಕ್ಕೆ ಅಟ್ಟುತ್ತೆ. ಬರ್ತಾ ಮ್ಯಾಗಜಿನ್ನಿಂದ ಇನ್ನೊಂದು ಗುಂಡು ಎತ್ಕೊಂಡು ಬಂದು ಬೀಗ ಹಾಕ್ಕೊಳ್ಳುತ್ತೆ. ಇಷ್ಟೂ ನೀವು ರೆಪ್ಪೆ ಬಡಿಯೋದ್ರೊಳಗೆ. ಯಾವ ಭಾಗಕ್ಕೂ ಸ್ವಂತ ಶಕ್ತಿ ಇಲ್ಲ, ಹಿಂದಿನದು ಕೊಟ್ಟಿದ್ದನ್ನ ಮುಂದಿನದಕ್ಕೆ ದಾಟಿಸಬೇಕು. ಒಂದು ಜಿಪುಣತನ ಮಾಡಿದ್ರೆ ಸಾಲೆಲ್ಲ ನಿಂತ್ಕೊಳ್ಳುತ್ತೆ."

ಈಗ ಕಂಬನ ರೈಫಲ್ ತಟ್ಟೆಯಲ್ಲಿ ಬಿಚ್ಚಿಕೊಂಡು ಮಲಗಿದೆ. ಕೊಳೆಯ ಸುಳಿವೇ ಇಲ್ಲ. ಅಕ್ಕ ಮೊದಲು ಕೈಯಿಟ್ಟದ್ದು ನಳಿಕೆಯ ಮೇಲಿನ ಪುಟ್ಟ ತಿರುಗುಣಿಗೆ. ಅದಕ್ಕೆ ಎರಡು ನಿಲುಗಡೆ. ಎಂದಿನ ದಿನಕ್ಕೆ ಸಣ್ಣ ತೂತು. ಧೂಳು, ಮಸಿ ಕಟ್ಟಿ ರೈಫಲ್ ಸುಸ್ತಾದಾಗ, ಆಪತ್ತಿಗೆಂದು, ಹೆಚ್ಚು ಗಾಳಿ ಬಿಡುವ ದೊಡ್ಡ ತೂತು.

"ಇದನ್ನ ಯಾವಾಗ ದೊಡ್ಡದಕ್ಕೆ ತಿರುಗಿಸಿದೆಯೋ?"

"ಸಣ್ಣದರಲ್ಲಿ ಓಡ್ತಾನೇ ಇರ್ಲಿಲ್ಲ ಅಕ್ಕ. ಎರಡು ತಿಂಗಳಾಯ್ತು. ಈಗ ದೊಡ್ಡದರಲ್ಲೂ ನಿಲ್ತಿದೆ."

"ಹೇಳಬಾರದಿತ್ತೇನೋ?"

"ಹೇಳಿದ್ರೆ ಕ್ಲೀನ್ ಮಾಡಿಲ್ಲ ಅಂತಾರೆ."

ಅಕ್ಕ ಪಿಸ್ಟನ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಅದರ ತಲೆ ಕನ್ನಡಿಯಂತೆ ಫಳಫಳ ಹೊಳೆಯುತ್ತದೆ. ಮಸಿ ಹಿಡಿದು ಬೂದುಗಪ್ಪಾಗಿ ಇರಬೇಕಾದ ಭಾಗ ಅದು. ಅಳತೆಯ ಉಪಕರಣದ ನಡುವೆ ಇಟ್ಟು ನೋಡುತ್ತಾರೆ, ಇರಬೇಕಾದ್ದಕ್ಕಿಂತ ಸಣ್ಣಗಾಗಿದೆ. ಬಳಸಿ ಸವೆದದ್ದಾದರೆ ಒಂದು ಪಕ್ಕ ಸವೆಯಬೇಕಿತ್ತು. ಇದು ಸುತ್ತಲೂ ಸಮ.

"ಏನು ಹಾಕಿ ಉಜ್ಜಿದೆ?"

ಕಂಬ ಕೈಯನ್ನು ಬೆನ್ನ ಹಿಂದಕ್ಕೆ ಸರಿಸುತ್ತಾನೆ. ಅಕ್ಕ ಅವನ ಕೈ ಹಿಡಿದು ಮಗುಚಿ ನೋಡುತ್ತಾರೆ. ಬೆರಳ ತುದಿಯ ಗೆರೆಗಳಲ್ಲಿ ತೊಳೆದರೂ ಹೋಗದ ಬೂದು ಪುಡಿ. ಲೋಹ ಉಜ್ಜುವ ಉಪ್ಪುಕಾಗದದ ಗುರುತು. ಸೈಕಲ್ ಪಂಪಿನ ವಾಷರ್ ಸವೆದರೆ ಎಷ್ಟು ಒತ್ತಿದರೂ ಗಾಳಿ ಪಕ್ಕದಿಂದ ಸೋರಿಹೋಗುತ್ತದಲ್ಲ, ಈ ರೈಫಲಿಗೂ ಅದೇ ಆಗಿದೆ. ಗುದ್ದಬೇಕಾದ ಗಾಳಿ ಪಿಸ್ಟನ್ನಿನ ಅಕ್ಕಪಕ್ಕದಿಂದ ಜಾರಿಕೊಳ್ಳುತ್ತಿದೆ. ರೈಫಲ್ ನಿಲ್ಲುತ್ತಿದ್ದದ್ದು ಕೊಳೆಯಿಂದಲ್ಲ, ಅತಿ ಶುಚಿಯಿಂದ.

"ಅಕ್ಕ, ನಾನು ಹೇಳಿದೆ ಅಂತ ಮಾತ್ರ ಆಗಬಾರದು," ಎನ್ನುತ್ತಾನೆ ಕಂಬ ಕೊನೆಗೆ. ಉಜ್ಜಿಸಿದ್ದು ಯಾರೆಂದು ತಿಳಿಯಲು ಅಕ್ಕನಿಗೆ ಅಷ್ಟೇ ಸಾಕಾಯಿತು. ಶನಿವಾರದ ತಪಾಸಣೆಯಲ್ಲಿ ಅತಿ ಚೊಕ್ಕಟ ತುಕಡಿಗೆ ಒಂದು ಷೀಲ್ಡ್ ಇದೆ. ಈ ತುಕಡಿ ಅದನ್ನು ಸತತವಾಗಿ ಗೆದ್ದಿದೆ. ಗೆಲ್ಲಿಸಿದ ಸಾರ್ಜೆಂಟ್ ಎಂಥವರು ಎಂಬುದು ಅತ್ತೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಬಾಗಿಲ ಚಿಲಕಕ್ಕೂ ಪಾಲಿಶ್ ಹಾಕ್ತಾರಮ್ಮ, ಕೈಯಿಟ್ರೆ ಜಾರುತ್ತೆ," ಎಂದು ಮಗಳು ನಗುತ್ತಾ ಹೇಳಿದ್ದು ಮೊನ್ನೆ ಮೊನ್ನೆ.

ಅಕ್ಕ ತುಕಡಿಯ ಇನ್ನಷ್ಟು ರೈಫಲ್ ತರಿಸುತ್ತಾರೆ. ಒಂದೊಂದಾಗಿ, ಒಂದೊಂದು ತಟ್ಟೆಯಲ್ಲಿ ಬಿಚ್ಚುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಹೊಳೆಯುವ ಪಿಸ್ಟನ್‌ಗಳ ಸಾಲು. ಬಹುತೇಕ ಎಲ್ಲವೂ ದೊಡ್ಡ ತೂತಿಗೆ ತಿರುಗಿಕೊಂಡಿವೆ. ತಂತಮ್ಮ ರೈಫಲ್ ಮಾತ್ರ ಸೋತಿದೆ ಎಂದುಕೊಂಡು ಒಬ್ಬೊಬ್ಬರೂ ಗುಟ್ಟಾಗಿ ತಿರುಗಿಸಿ ಸುಮ್ಮನಾಗಿದ್ದಾರೆ.

ಸಾರ್ಜೆಂಟ್ ಬಂದವರೇ ಆ ಸಾಲು ನೋಡಿ ಅರಳುತ್ತಾರೆ. "ಚೆನ್ನಾಗಿದೆ ಅಲ್ವಾ?"

"ಕನ್ನಡಿ ಹಾಗಿದೆ. ಮುಖ ನೋಡ್ಕೊಳ್ಳೋಕಾದ್ರೆ ಬಹಳ ಚೆನ್ನಾಗಿದೆ."

ವಿಷಯ ಕೇಳುತ್ತ ಕೇಳುತ್ತ ಅವರ ಮುಖ ಇಳಿಯುತ್ತದೆ. "ಅಲ್ಲಾ, ಕೊಳೆ ಇದ್ರೆ ಕಷ್ಟ ಅಂತ ನೀವೇ ಹೇಳ್ಕೊಡ್ತೀರ. ತೆಗೆದ್ರೆ ಅದೂ ಕಷ್ಟ ಅಂತೀರ."

"ಕೊಳೆ ತೆಗೀರಿ ಅಂದೆ. ಕಬ್ಬಿಣ ತೆಗೀರಿ ಅನ್ಲಿಲ್ಲ."

"ನಿಂತಿರೋದು ಆ ಕಂಬಂದು ಒಂದೇ. ಮಿಕ್ಕಿದ್ದು ಓಡ್ತಾ ಇದೆಯಲ್ಲ?"

"ಆಪತ್ತಿಗೆ ಅಂತ ಇಟ್ಟ ಗಂಟನ್ನ ಇಲ್ಲೇ ಖರ್ಚು ಮಾಡ್ಕೊಂಡು ಓಡ್ತಾ ಇದೆ. ಬೆಟ್ಟದ ಮೇಲೆ ಚಳಿಗೆ ಎಣ್ಣೆ ಗಟ್ಟಿಯಾಗುತ್ತೆ, ಧೂಳು ಸೇರುತ್ತೆ. ಆವಾಗ ತಿರುಗಿಸೋಕೆ ಮೂರನೇ ತೂತು ಎಲ್ಲಿದೆ?"

ಸಾರ್ಜೆಂಟ್ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಅತ್ತೆ..." ಈ ಮಾಡಿನ ಕೆಳಗೆ ಆ ಮಾತು ಬಂದದ್ದು ಇದೇ ಮೊದಲು. "ಇದು ನಮ್ಮ ನಮ್ಮಲ್ಲೇ ಇರ್ಲಿ. ಸವೆದಿತ್ತು ಅಂತ ಹೇಳಿ ಪಿಸ್ಟನ್ ಬದಲಾಯಿಸಿಬಿಡಿ. ಈ ಸಲ ನನ್ನ ಬಡ್ತಿ ಇದೆ. ನಿಮ್ಮ ಮಗಳು ಎಷ್ಟು ಆಸೆ ಇಟ್ಕೊಂಡಿದ್ದಾಳೆ ಅಂತ ನಿಮಗೆ ಗೊತ್ತು."

ಗೊತ್ತಿಲ್ಲದೆ ಏನು? ಬಡ್ತಿಯಾದರೆ ದೊಡ್ಡ ಮನೆ ಸಿಗುತ್ತದೆಂದು ಮಗಳು ಕಿಟಕಿ ಪರದೆಯ ಬಟ್ಟೆ ಕೂಡ ಆರಿಸಿಟ್ಟಿದ್ದಾಳೆ. ಸವೆದಿತ್ತು ಎಂಬ ಒಂದು ಮಾತಿನಲ್ಲಿ ಎಲ್ಲ ಮುಗಿದೂ ಹೋಗುತ್ತದೆ. ಆದರೆ ಆಗ ಕಂಬ ತಪ್ಪುಗಾರನಾಗಿಯೇ ಹಿಂದುಳಿಯುತ್ತಾನೆ. ಷೀಲ್ಡಿನ ಆಸೆಗೆ ಪಕ್ಕದ ತುಕಡಿಯವರೂ ಉಪ್ಪುಕಾಗದ ಹಿಡಿಯುತ್ತಾರೆ, ಈಗಾಗಲೇ ಹಿಡಿದಿದ್ದರೂ ಹಿಡಿದಿರಬಹುದು. ಅಕ್ಕ ಆ ಮಾತಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಸಂಜೆ ನಿಮ್ಮ ರೈಫಲ್ ತಗೊಂಡು ಮೈದಾನಕ್ಕೆ ಬನ್ನಿ. ಯಾರನ್ನೂ ಕರ್ಕೊಂಡು ಬರೋದು ಬೇಡ," ಎಂದರು.

ಇಳಿಬಿಸಿಲಿನಲ್ಲಿ ಮೈದಾನ ಖಾಲಿ. ಕಾವಲಿನವನೊಬ್ಬ ದೂರದ ಗೇಟಿನ ಬಳಿ ಬೆನ್ನು ಮಾಡಿ ನಿಂತಿದ್ದಾನೆ. ಅಕ್ಕ ಸಾರ್ಜೆಂಟರ ರೈಫಲಿನ ತಿರುಗುಣಿಯನ್ನು ಸಣ್ಣ ತೂತಿಗೆ ತಂದು, ಟಾರ್ಪಾಲು ಹಾಸಿ, ಮಲಗಿಕೊಳ್ಳಿ ಎಂದು ಸನ್ನೆ ಮಾಡುತ್ತಾರೆ. ಆತ ಮೊದಲ ಗುಂಡು ಹೊಡೆಯುತ್ತಾರೆ. ಎರಡನೆಯದಕ್ಕೆ ಟ್ರಿಗರ್ ಒತ್ತಿದರೆ ಸದ್ದಿಲ್ಲ. ಖಾಲಿ ತೋಟಾ ಒಳಗೇ ಉಳಿದಿದೆ. ಬಿಡಿಸಿ ಮತ್ತೆ ಹೊಡೆಯುತ್ತಾರೆ. ಮತ್ತೆ ಹಾಗೇ. ಮೂರನೇ ಸಲವೂ ಅದೇ ಕಥೆ. ಅವರು ಎದ್ದು ಕೂತು ತೊಡೆಯ ಮೇಲೆ ರೈಫಲ್ ಇಟ್ಟುಕೊಂಡು ಬರಿದಾದ ಟಾರ್ಪಾಲನ್ನು ನೋಡುತ್ತಾರೆ. ತುಕಡಿಯಲ್ಲೇ ಎಲ್ಲಕ್ಕಿಂತ ಹೆಚ್ಚು ಹೊಳೆಯುವ ಪಿಸ್ಟನ್ ಅವರದು.

"ಅತ್ತೆ ಅಂದ್ರಲ್ಲ ಆಗ. ಅತ್ತೆಯಾಗಿ ಒಂದು ಮಾತು ಹೇಳ್ತೀನಿ," ಎನ್ನುತ್ತಾರೆ ಅಕ್ಕ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು. "ಇದನ್ನ ಹೆಗಲಿಗೆ ಹಾಕ್ಕೊಂಡು ನೀವು ನನ್ನ ಮಗಳ ಮನೆ ಹೊಸಿಲು ದಾಟೋದು ನನಗೆ ಬೇಡ. ಇನ್ನು ವರ್ಕ್‌ಶಾಪಿನೋಳಾಗಿ ಹೇಳೋದು. ನಾಳೆ ಅಧಿಕಾರಿಗಳು ಕೇಳಿದಾಗ ನೀವೇ ಹೇಳಿದ್ರೆ ನಾನು ಬಾಯಿ ತೆಗೆಯಲ್ಲ. ನೀವು ಹೇಳದಿದ್ರೆ ನಾನು ಹೇಳ್ತೀನಿ."

ಆತ ಎದ್ದು ಹೋದರು.

ದೀಪ ಹಚ್ಚುವ ಹೊತ್ತಿಗೆ ಮಗಳು ತಾಯಿಯ ಮನೆ ಬಾಗಿಲಿಗೆ ಬಂದಳು. ಒಳಗೆ ಕಾಲಿಡಲಿಲ್ಲ. "ಅವರು ಬಂದವರೇ ಗೋಡೆ ನೋಡ್ಕೊಂಡು ಕೂತಿದ್ದಾರೆ. ತಟ್ಟೆ ಮುಟ್ಟಿಲ್ಲ. ಏನಂದೆ ಅವರಿಗೆ?"

"ಕೆಲಸದ ಮಾತು."

"ಅದೇನು ಕೆಲಸಾನೋ! ನಾಡಿದ್ದು ಹೊರಡೋ ಮನುಷ್ಯ ಅಮ್ಮ. ನಿನಗೆ ಮನೆಯವರಿಗಿಂತ ಆ ಕಬ್ಬಿಣಾನೇ ಹೆಚ್ಚಾಯ್ತಾ?"

ಹೇಳಿದವಳೇ ತಿರುಗಿ ಹೋದಳು. ಟೈಲರ್ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದರು. "ಬಲಗಡೆಯಿಂದ ಬೈದು ಹೋದ್ಲು. ಕೇಳಿಸ್ತಾ?"

"ಕೇಳಿಸ್ತು," ಎಂದರು ಅಕ್ಕ.

ಮರುದಿನ ಬೆಳಿಗ್ಗೆ ವರ್ಕ್‌ಶಾಪಿನ ಅಂಗಳದಲ್ಲಿ ತುಕಡಿ ಸಾಲುಗಟ್ಟಿದೆ. ಕಂಬ ಸಾಲಿನ ಹೊರಗೆ ಒಬ್ಬನೇ. ದಳದ ಅಧಿಕಾರಿ ಬಂದು ನಿಂತು ಅಕ್ಕನ ಕಡೆ ತಿರುಗುತ್ತಾರೆ. "ಎಲ್ಲ ತಯಾರಾ ಅಕ್ಕ?"

ಅಕ್ಕ ಕೈ ಒರೆಸಿಕೊಳ್ಳುತ್ತಾರೆ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ. ಇನ್ನೇನು ಬಾಯಿ ತೆರೆಯಬೇಕು, ಸಾರ್ಜೆಂಟ್ ಒಂದು ಹೆಜ್ಜೆ ಮುಂದೆ ಬರುತ್ತಾರೆ.

"ತಯಾರಿಲ್ಲ ಸರ್. ಪಿಸ್ಟನ್‌ಗಳನ್ನ ಉಪ್ಪುಕಾಗದದಲ್ಲಿ ಉಜ್ಜಿ ಹಾಳು ಮಾಡಿದ್ದೀವಿ. ಉಜ್ಜೋಕೆ ಹೇಳಿದ್ದು ನಾನು. ಹುಡುಗರ ತಪ್ಪಿಲ್ಲ." ಸಾಲಿನ ಹೊರಗೆ ನಿಂತವನ ಕಡೆ ನೋಡಿ, "ಅವನದಂತೂ ಇಲ್ಲವೇ ಇಲ್ಲ," ಎನ್ನುತ್ತಾರೆ.

ಅಧಿಕಾರಿ ಒಂದು ಪಿಸ್ಟನ್ ತರಿಸಿ ಕೈಯಲ್ಲಿ ತಿರುಗಿಸಿ ನೋಡಿದರು. "ಹೊಳಪು ನೋಡಿ ಷೀಲ್ಡ್ ಕೊಟ್ಟೋನು ನಾನು," ಎಂದರು, ಯಾರಿಗೂ ಹೇಳದವರಂತೆ. ಪ್ರಯಾಣ ಒಂದು ದಿನ ಮುಂದಕ್ಕೆ ಹೋಯಿತು. ಕಂಬ ಸಾಲಿಗೆ ಸೇರಿದ. ಸಾರ್ಜೆಂಟರ ವಿಚಾರಣೆ ಗಡಿಠಾಣೆಯಿಂದ ಮರಳಿದ ಮೇಲೆ. ಬಡ್ತಿಯ ಮಾತು ಅಲ್ಲಿಯವರೆಗೆ ಇಲ್ಲ. ಉಳಿದ ತುಕಡಿಗಳ ರೈಫಲ್‌ಗಳೂ ತಪಾಸಣೆಗೆ ಬರಬೇಕು ಎಂದು ಅಪ್ಪಣೆಯಾಯಿತು.

ಆ ದಿನವಿಡೀ ವರ್ಕ್‌ಶಾಪಿನಲ್ಲಿ ಟೀ ಕುಡಿಯಲೂ ಪುರುಸೊತ್ತಿಲ್ಲ. ಉಗ್ರಾಣದಿಂದ ಬಂದ ಹೊಸ ಪಿಸ್ಟನ್ ಸಾಲದೆ, ಕಪಾಟಿನಲ್ಲಿದ್ದ ಮೀಸಲು ರೈಫಲ್‌ಗಳಿಂದಲೂ ಬಿಚ್ಚಿ ತರಬೇಕಾಯಿತು. ಪ್ರತಿಯೊಂದನ್ನೂ ಅಳೆದು, ಕೂರಿಸಿ, ಬೆರಳಲ್ಲಿ ಜಾರಿಸಿ ನೋಡಿ, ಆಮೇಲೆ ಮೈದಾನಕ್ಕೆ. ರೈಫಲನ್ನು ಕಚ್ಚಿ ಹಿಡಿದು ಹೊಡೆಸುವ ಕಬ್ಬಿಣದ ಸ್ಟ್ಯಾಂಡ್ ಒಂದಿದೆ. ಅಕ್ಕ ಅದನ್ನು ಬಳಸಿದ ಮೇಲೂ ಒಂದು ಸಲ ತಾವೇ ಮಲಗಿ, ಹಿಡಿಯನ್ನು ಭುಜಕ್ಕೆ ಒತ್ತಿ, ಕೆನ್ನೆ ಆನಿಸಿ ಹೊಡೆಯುತ್ತಾರೆ. "ಕಬ್ಬಿಣಕ್ಕೆ ನೋವಾಗಲ್ಲ, ಅದು ದೂರು ಹೇಳಲ್ಲ. ನನ್ನ ಭುಜ ಹೇಳುತ್ತೆ," ಎನ್ನುವುದು ಅವರ ಸಮಜಾಯಿಷಿ. ಪಕ್ಕದಲ್ಲಿ ಸಾರ್ಜೆಂಟ್ ಕುಕ್ಕರಗಾಲಲ್ಲಿ ಕೂತು ಟಾರ್ಪಾಲು ಕಾಯುತ್ತಾರೆ. "ಅಂಚಿಗೆ ಬಿತ್ತು." "ಇದೂ ಅಂಚಿಗೆ." "ಇದು ಒಂದು ಗೇಣು ಹಿಂದೆ." ಗೇಣು ಹಿಂದೆ ಬಿದ್ದದ್ದು ಮತ್ತೆ ಮೇಜಿಗೆ ಹೋಗುತ್ತದೆ. ಸಂಜೆಗೆ ಅಕ್ಕನ ಬಲಭುಜ ಬಾವು ಬಂದು ಕೋಟು ಕಳಚಲು ಟೈಲರ್ ಕೈ ಹಾಕಬೇಕಾಯಿತು.

ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ. ಇಷ್ಟು ವರ್ಷದಲ್ಲಿ ತಾವು ಕಳಿಸಿದ ರೈಫಲ್ ಯಾವ ಬೆಟ್ಟ ಹತ್ತಿತು, ಯಾವ ಮಳೆಯಲ್ಲಿ ನೆನೆಯಿತು ಎಂಬುದನ್ನು ಅವರು ಒಮ್ಮೆಯೂ ಕಂಡವರಲ್ಲ. "ಕೆಟ್ಟರೆ ಸುದ್ದಿ ಬರುತ್ತೆ. ಚೆನ್ನಾಗಿದ್ರೆ ಯಾರು ಹೇಳಿ ಕಳಿಸ್ತಾರೆ? ಏನೂ ಬರಲಿಲ್ಲ ಅಂದ್ರೆ ದೇವರು ನಡೆಸ್ತಿದ್ದಾನೆ ಅಂತ ತಿಳ್ಕೊಳ್ಳೋದು," ಎನ್ನುತ್ತಾರೆ.

ಹೊರಡುವ ದಿನ ಗೇಟಿನ ಬಳಿ ಮನೆಯವರೆಲ್ಲ ನೆರೆದಿದ್ದಾರೆ. ಕಂಬ ಲಾರಿಯ ಹಿಂಬದಿಯಲ್ಲಿ ಮೊಣಕಾಲು ಎಲ್ಲಿ ಇಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದಾನೆ. ಎದುರು ಕೂತವನು, "ಅದನ್ನ ಮಡಚಿ ಜೇಬಿಗೆ ಹಾಕ್ಕೊಳ್ಳೋ," ಎನ್ನುತ್ತಾನೆ. ಸಾರ್ಜೆಂಟ್ ಹೆಂಡತಿಯೊಂದಿಗೆ ಎರಡು ಮಾತಾಡಿ, ದೂರದಲ್ಲಿ ನಿಂತ ಅತ್ತೆಗೆ ತಲೆಬಾಗಿ, ಮುಂದಿನ ಲಾರಿ ಹತ್ತುತ್ತಾರೆ.

ಲಾರಿಗಳು ತಿರುವಿನಲ್ಲಿ ಮರೆಯಾಗುವವರೆಗೂ ಮಗಳು ಕೈ ಬೀಸುತ್ತಾಳೆ. ಆಮೇಲೆ ಕೈ ಇಳಿಸಿ, ಎರಡು ದಿನದಿಂದ ಮಾತು ಬಿಟ್ಟಿದ್ದ ತಾಯಿಯ ಪಕ್ಕಕ್ಕೆ ಬಂದು ನಿಲ್ಲುತ್ತಾಳೆ. ಮುಖ ಮಾತ್ರ ನೋಡುವುದಿಲ್ಲ.

"ಅಮ್ಮ."

"ಹೂಂ."

"ಅವರದ್ದು ಸರಿಯಿದೆಯಾ?"

"ಇದೆ."

"ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನ ಹೇಳೋಕೆ ನಿಮ್ಮಪ್ಪ ಇದ್ದಾರೆ," ಎನ್ನುತ್ತಾರೆ ಅಕ್ಕ. "ನಾನು ಹೊಡೆದು ನೋಡಿ ಹೇಳ್ತಿದ್ದೀನಿ ಕಣೇ."